ಹದಿನೇಳೋ, ಹತ್ತೊಂಬತ್ತೋ

ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಎಲ್ಲಿಗೂ ತಡವಾಗಿ ಹೋದವಳಲ್ಲ. ನಮ್ಮ ಮನೆಯಲ್ಲಿ ಈ ಮಾತು ಹೊಗಳಿಕೆಯಲ್ಲ, ದೂರು. ಹಲ್ಲಿನ ಡಾಕ್ಟರ್ ಹತ್ತಕ್ಕೆ ಬನ್ನಿ ಅಂದರೆ ಒಂಬತ್ತಕ್ಕೇ ಹೋಗಿ ಬೀಗ ಹಾಕಿದ ಬಾಗಿಲಿನ ಮುಂದೆ, ಮೆಟ್ಟಿಲ ಮೇಲೆ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾಳೆ. ಯಾರದಾದರೂ ಮದುವೆಗೆ ಕರೆದುಕೊಂಡು ಹೋದರೆ ಕುರ್ಚಿ ಜೋಡಿಸುವವರ ಜೊತೆ ನಾವೂ ಕೈ ಹಾಕಬೇಕಾಗುತ್ತದೆ. ಒಮ್ಮೆ ಅವಳನ್ನು ನೋಡಿ ಮಾತಾಡಿ ಹೋಗಲು ಬಂದ ಗಂಡು ನಲವತ್ತು ನಿಮಿಷ ತಡ ಮಾಡಿದನಂತೆ. ಅವನು ಒಳಗೆ ಬರುವಷ್ಟರಲ್ಲಿ ಇವಳು ಹಿಂದಿನ ಬಾಗಿಲಿಂದ ಡ್ಯೂಟಿಗೆ ಹೋಗಿಯಾಗಿತ್ತು. ಆಮೇಲೆ ಮದುವೆಯ ಸುದ್ದಿಯನ್ನೇ ಎತ್ತಗೊಡಲಿಲ್ಲ.

ಅವಳದು ಬಸ್ ಡಿಪೋದಲ್ಲಿ ಟೈಂಕೀಪರ್ ಕೆಲಸ. ಮೂವತ್ತೊಂದು ವರ್ಷ ಮಾಡಿದಳು. ಡಿಪೋ ಗೇಟಿನ ಪಕ್ಕ ತಗಡಿನ ಸೂರಿನ ಒಂದು ಕೋಣೆ, ಕೋಣೆಗೊಂದು ಕಿಂಡಿ, ಕಿಂಡಿಯ ಹಿಂದೆ ಅತ್ತೆ. ಬಸ್ಸು ಒಳಗೆ ಬಂದರೆ ಡ್ರೈವರ್ ಇಳಿದು ಬಂದು ನಂಬರು ಹೇಳಬೇಕು, ಇವಳು ಗೋಡೆ ಗಡಿಯಾರ ನೋಡಿ ರಿಜಿಸ್ಟರಿನಲ್ಲಿ ಸಮಯ ಬರೆದು ಪಕ್ಕದಲ್ಲಿ ಸಹಿ ಹಾಕಬೇಕು. ಇಷ್ಟೇ ಕೆಲಸ. ಇಷ್ಟನ್ನೇ ದಿನಕ್ಕೆ ನೂರೆಂಬತ್ತು ಸಲ ಮಾಡಬೇಕು. ಬೀದಿಯವರೆಲ್ಲ ಅವಳನ್ನು ಟೈಂ ಅಕ್ಕ ಅನ್ನುತ್ತಿದ್ದರು. ನಿವೃತ್ತಿಯಾಗಿ ಹತ್ತು ವರ್ಷವಾಯಿತು, ಈಗಲೂ ಅನ್ನುತ್ತಾರೆ.

ಅವಳ ಈ ಹುಚ್ಚಿಗೆ ಕಾರಣ ಏನೆಂದು ಮನೆಯವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ನಗುತ್ತಿದ್ದೆವು. ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಮ್ಮ ಅಜ್ಜ ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದರು. ಆಗ ಅತ್ತೆಗೆ ಆರು ವರ್ಷ, ನನ್ನ ಅಪ್ಪನಿಗೆ ಎರಡು. ಒಂದು ಬೆಳಿಗ್ಗೆ, ಆ ತಿಂಗಳ ಹದಿನೇಳನೇ ತಾರೀಖು, ತನ್ನ ಅಪ್ಪ ಕೆಲಸಕ್ಕೆ ಹೋಗುವುದು ಬೇಡವೆಂದು ಅತ್ತೆ ಅವರ ಒಂದು ಚಪ್ಪಲಿಯನ್ನು ಬಚ್ಚಿಟ್ಟಳಂತೆ. ಎಲ್ಲಿಟ್ಟೆ ಎಂದರೆ ಹೇಳಲಿಲ್ಲವಂತೆ. ಹುಡುಕಿ ಹುಡುಕಿ ಕೊನೆಗೆ ಸೌದೆಯ ಹಿಂದೆ ಸಿಕ್ಕಿತು. ಅಷ್ಟರಲ್ಲಿ ಹೊತ್ತಾಗಿತ್ತು. ಗಿರಣಿಯ ಗೇಟು ಏಳಕ್ಕೆ ಮುಚ್ಚುತ್ತಿತ್ತು. ತಡವಾಗಿ ಬಂದವರನ್ನು ಅವರ ಯಂತ್ರದ ಹತ್ತಿರ ಬಿಡದೆ, ಶಿಕ್ಷೆಯೆಂದು ಬಾಯ್ಲರ್ ಕೋಣೆಯಲ್ಲಿ ಬೂದಿ ಎತ್ತಲು ಹಾಕುತ್ತಿದ್ದರು. ಅವತ್ತು ಒಂಬತ್ತು ಗಂಟೆಗೆ ಬಾಯ್ಲರ್ ಸಿಡಿಯಿತು. ಅಜ್ಜ ಅಲ್ಲೇ, ಆ ಕ್ಷಣವೇ ಹೋದರು. ಇದು ನಮ್ಮ ಅಜ್ಜಿ ಹೇಳಿದ ಕಥೆ.

ಅಜ್ಜಿ ಕೆಟ್ಟವಳಲ್ಲ. ಮಗಳನ್ನು ಬೈದು ಹೇಳುತ್ತಲೂ ಇರಲಿಲ್ಲ. ಯಾರಾದರೂ ನೆಂಟರು ಬಂದಾಗ ಸೆರಗಿನಿಂದ ಮುಖ ಒರೆಸಿಕೊಂಡು, "ಅವತ್ತು ಈ ಹುಡುಗಿ ಚಪ್ಪಲಿ ಬಚ್ಚಿಡದೆ ಇದ್ದಿದ್ರೆ..." ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು. ಉಳಿದದ್ದನ್ನು ಕೇಳಿದವರೇ ತುಂಬಿಕೊಳ್ಳುತ್ತಿದ್ದರು. ಅತ್ತೆ ಒಳಗೆ ಹೋಗಿ ನೀರು ತರುತ್ತಿದ್ದಳು. ಅಜ್ಜಿ ತೀರಿಕೊಂಡು ಹನ್ನೊಂದು ವರ್ಷವಾಯಿತು. ಆ ಅರ್ಧ ವಾಕ್ಯ ಮಾತ್ರ ಮನೆಯಲ್ಲೇ ಉಳಿದುಕೊಂಡಿತ್ತು.

ನಾನು ದೊಡ್ಡಾಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಮೂಳೆ ಮುರಿದಿದೆಯೋ ಇಲ್ಲವೋ, ಎರಡೇ ಉತ್ತರ. ಇದೂ ಇರಬಹುದು ಅದೂ ಇರಬಹುದು ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಕಳೆದ ವರ್ಷ ಅತ್ತೆಯ ಮಂಡಿಯ ಎಕ್ಸ್‌ರೇ ತೆಗೆದವಳೂ ನಾನೇ. ಮಂಡಿ ಪೂರ್ತಿ ಸವೆದಿತ್ತು, ಆಪರೇಷನ್ ಆಗಲೇಬೇಕಿತ್ತು. ಹನ್ನೆರಡು ದಿನ ಬಿಟ್ಟು ತಾರೀಖು ಕೊಟ್ಟರು. ಅವಳನ್ನು ಮೇಜಿನಿಂದ ಇಳಿಸುತ್ತಿದ್ದಾಗ ನನ್ನ ತೋಳು ಹಿಡಿದುಕೊಂಡಳು.

"ಒಂದು ಕೆಲಸ ಮಾಡಿಕೊಡ್ತೀಯೇನೇ?"

"ಹೇಳು ಅತ್ತೆ."

"ಮಂಪರು ಬರೋ ಇಂಜೆಕ್ಷನ್ ಕೊಡ್ತಾರಂತಲ್ಲ. ಈ ವಯಸ್ಸಲ್ಲಿ ಎದ್ದರೆ ಎದ್ದೆ, ಇಲ್ಲದಿದ್ರೆ ಇಲ್ಲ. ಅಷ್ಟರೊಳಗೆ ಒಂದು ವಿಷಯ ತಿಳ್ಕೋಬೇಕು. ಅಪ್ಪ ಅವತ್ತು ನಿಜವಾಗ್ಲೂ ತಡವಾಗಿ ಹೋದ್ರಾ? ಗಿರಣೀಲಿ ಗೇಟ್ ರಿಜಿಸ್ಟರ್ ಇಟ್ಟೇ ಇಟ್ಟಿರ್ತಾರೆ. ಅದ್ರಲ್ಲಿ ಬರೆದಿರ್ತಾರೆ."

"ಮಂಡಿ ಆಪರೇಷನ್‌ಗೆ ಯಾರೂ ಸಾಯಲ್ಲ."

"ಸಾಯದಿದ್ರೆ ಒಳ್ಳೇದೇ ಆಯ್ತು. ಗೊತ್ತಾದ ಮೇಲೂ ಬದುಕಿರ್ತೀನಿ."

ಅರವತ್ತೆರಡು ವರ್ಷ ಇದನ್ನು ಒಬ್ಬರ ಹತ್ತಿರವೂ ಬಾಯಿಬಿಟ್ಟು ಕೇಳಿರದವಳು, ಸೀಸದ ಏಪ್ರನ್ ಹಾಕಿಕೊಂಡು ನಿಂತ ನನ್ನ ಹತ್ತಿರ ಕೇಳಿದಳು. ಇದೇನು ಮಹಾ, ಒಂದು ರಿಜಿಸ್ಟರ್ ತೆಗೆದು ನೋಡಿದರೆ ಮುಗಿಯಿತು ಎಂದು ನಾನು ಒಪ್ಪಿಕೊಂಡುಬಿಟ್ಟೆ.

ಮೊದಲು ನಗರಸಭೆಗೆ ಹೋದೆ. ಮರಣದ ದಾಖಲೆ ಇಟ್ಟುಕೊಂಡರೆ ಮುಂದಿನ ಕಚೇರಿಗಳಲ್ಲಿ ಬಾಗಿಲು ತೆರೆಯುತ್ತದೆಂದು ಯಾರೋ ಹೇಳಿದ್ದರು. ಅಲ್ಲಿನ ಗುಮಾಸ್ತೆ ಅರ್ಜಿ ತೆಗೆದುಕೊಂಡು, ನಾಲ್ಕನೆಯ ದಿನ ಒಂದು ಹಾಳೆಯ ನಕಲು ಕೊಟ್ಟಳು. ಅಲ್ಲೇ ಬೆಂಚಿನ ಮೇಲೆ ಕೂತು ಓದಿದೆ. ಅಜ್ಜನ ಹೆಸರು ಸರಿ, ಅವರ ಅಪ್ಪನ ಹೆಸರು ಸರಿ, ಬೀದಿ ಸರಿ. ವಯಸ್ಸು ನಲವತ್ತೊಂದು ಎಂದಿತ್ತು. ನಮ್ಮಜ್ಜನಿಗೆ ಆಗ ಮೂವತ್ತನಾಲ್ಕು. ಸತ್ತ ತಾರೀಖು ಹತ್ತೊಂಬತ್ತು ಎಂದಿತ್ತು. ನಾವು ಪ್ರತಿ ವರ್ಷ ಅಜ್ಜನ ಫೋಟೋ ಒರೆಸಿ ದೀಪ ಹಚ್ಚುವುದು ಹದಿನೇಳಕ್ಕೆ.

"ಇದು ನಮ್ಮಜ್ಜನೋ ಬೇರೆ ಯಾರದಾದ್ರೂ ಅಜ್ಜನೋ?" ಎಂದು ಗುಮಾಸ್ತೆಯನ್ನು ಕೇಳಿದೆ.

"ಹೆಸರು ಸರಿ ಇದೆಯಲ್ಲ ಮೇಡಂ."

"ವಯಸ್ಸು ಸರಿ ಇಲ್ಲ, ತಾರೀಖು ಸರಿ ಇಲ್ಲ."

"ಆಗ ಬಾಯಲ್ಲಿ ಹೇಳಿದ್ದನ್ನ ಬರ್ಕೊಳ್ತಿದ್ರು. ತಿಳಿಸಿದವರು ಗಿರಣಿ ಕಡೆಯವರು ಅಂತಿದೆ ನೋಡಿ, ಅವರಿಗೇನು ಗೊತ್ತಿರುತ್ತೆ? ತಿದ್ದುಪಡಿ ಬೇಕಾದ್ರೆ ಅರ್ಜಿ ಕೊಡಿ." ಅರವತ್ತೆರಡು ವರ್ಷದ ಹಿಂದೆ ಸತ್ತವರಿಗೆ ತಿದ್ದುಪಡಿ ಮಾಡಿಸಿ ಯಾರಿಗೆ ಕೊಡುವುದು? ಎದ್ದು ಬಂದೆ.

ಅಪ್ಪನಿಗೆ ತೋರಿಸಿದೆ. ಅಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಬಿಚ್ಚಿದ ಯಂತ್ರದ ಮುಂದಿಂದ ತಲೆ ಎತ್ತದೆ, "ಹೇಳಿದ್ದು ಹತ್ತೊಂಬತ್ತಕ್ಕೆ, ಬರ್ಕೊಂಡಿದ್ದೂ ಹತ್ತೊಂಬತ್ತಕ್ಕೆ. ಅದನ್ನೇ ಸತ್ತ ದಿನ ಅಂತ ಹಾಕಿದಾರೆ. ಅಷ್ಟೂ ತಿಳಿಯಲ್ವಾ?" ಎಂದ. ಆಮೇಲೆ ಸ್ಕ್ರೂಡ್ರೈವರ್ ಕೆಳಗಿಟ್ಟು, "ನೀನು ಸುಮ್ನೆ ಇರು. ಅಕ್ಕನ ತಲೇಲಿ ಮತ್ತೆ ಹುಳ ಬಿಡಬೇಡ," ಎಂದ. ಹುಳ ಅಲ್ಲಿಂದಲೇ ನನ್ನ ತಲೆಗೆ ಬಂದದ್ದು ಎಂದು ಹೇಳಲಿಲ್ಲ.

ಅಪ್ಪ ಹೇಳಿದ್ದು ನಿಜವಿರಬಹುದು. ಇಲ್ಲದೆಯೂ ಇರಬಹುದು. ಹಾಳೆಯಲ್ಲಿ ಸತ್ತ ಸ್ಥಳ ಎಂಬಲ್ಲಿ "ಆಸ್ಪತ್ರೆ" ಎಂದಿತ್ತು. ಗಿರಣಿಯಲ್ಲೇ ಆ ಕ್ಷಣ ಹೋದವರು ಆಸ್ಪತ್ರೆಯಲ್ಲಿ ಹೇಗೆ ಸತ್ತರು? ಹೆಣವನ್ನು ಅಲ್ಲಿಗೆ ಸಾಗಿಸಿದ್ದರೆ ಹಾಗೆ ಬರೆಯುತ್ತಾರೋ ಏನೋ. ಆ ರಾತ್ರಿ ಊಟ ರುಚಿಸಲಿಲ್ಲ. ಒಂದು ರಿಜಿಸ್ಟರ್ ತೆಗೆದು ನೋಡಿದರೆ ಮುಗಿಯಿತು ಅಂದುಕೊಂಡಿದ್ದವಳಿಗೆ ಮೊದಲ ಹಾಳೆಯೇ ಮೂರು ಹೊಸ ಪ್ರಶ್ನೆ ಕೊಟ್ಟು ಕೂತಿತ್ತು.

ಗಿರಣಿ ಮುಚ್ಚಿ ಯಾವ ಕಾಲವಾಯಿತೋ. ಈಗ ಆ ಕಟ್ಟಡದಲ್ಲಿ ಸೋಫಾ ಮಾರುತ್ತಾರೆ. ಅದರ ಕಾಗದಪತ್ರಗಳನ್ನು ಮಾತ್ರ ಕಾರ್ಮಿಕ ಕಚೇರಿಯ ಅಟ್ಟಕ್ಕೆ ಸಾಗಿಸಿದ್ದರು. ಅಲ್ಲಿನ ಜವಾನನ ಬೆನ್ನುನೋವಿನ ಎಕ್ಸ್‌ರೇಯನ್ನು ಹಿಂದೊಮ್ಮೆ ಕಾಯಿಸದೆ ತೆಗೆದುಕೊಟ್ಟಿದ್ದೆ. ಅವನೇ ಏಣಿ ಹಾಕಿ ನನ್ನನ್ನೂ ಅಟ್ಟಕ್ಕೆ ಹತ್ತಿಸಿ, ಹಗ್ಗ ಕಟ್ಟಿದ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿಕೊಟ್ಟ. ಎರಡು ಮಧ್ಯಾಹ್ನ ಸೀನುತ್ತಾ ಹುಡುಕಿದೆ. ಎರಡನೆಯ ದಿನ ಸಂಜೆ ಗೇಟ್ ರಿಜಿಸ್ಟರ್ ಸಿಕ್ಕಿತು. ಅಜ್ಜನ ಬಿಲ್ಲೆಯ ನಂಬರು ಇನ್ನೂರ ಹನ್ನೆರಡು ಎಂದು ಅತ್ತೆ ಹೇಳಿಕಳಿಸಿದ್ದಳು. ಹದಿನೇಳನೇ ತಾರೀಖಿನ ಪುಟ, ಇನ್ನೂರ ಹನ್ನೆರಡರ ಸಾಲು. ಬಂದ ವೇಳೆ: ಆರು ಐವತ್ತು.

ಆರು ಐವತ್ತು! ಗೇಟು ಮುಚ್ಚುವುದಕ್ಕೆ ಹತ್ತು ನಿಮಿಷ ಮೊದಲು! ಅಜ್ಜ ತಡವಾಗಿರಲೇ ಇಲ್ಲ! ನಾನು ಅಟ್ಟದ ಮೇಲೆ ಎದ್ದು ನಿಂತು ತೊಲೆಗೆ ತಲೆ ಬಡಿದುಕೊಂಡೆ. ನೋವೂ ಗೊತ್ತಾಗಲಿಲ್ಲ. ಫೋನಿನಲ್ಲಿ ಫೋಟೋ ತೆಗೆದುಕೊಂಡು, ಆಟೋ ಹಿಡಿದು ಮನೆಗೆ ಬಂದೆ. ಚಪ್ಪಲಿ ಬಿಡುವ ಮೊದಲೇ ಕೂಗಿದೆ.

"ಅತ್ತೇ! ಸಿಕ್ತು! ನಿನ್ನ ತಪ್ಪಿಲ್ಲ. ಆರು ಐವತ್ತಕ್ಕೇ ಒಳಗೆ ಹೋಗಿದಾರೆ, ನೋಡಿಲ್ಲಿ!"

ಅತ್ತೆ ಬಟಾಣಿ ಸುಲಿಯುತ್ತಿದ್ದಳು. ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡಳು. ಫೋಟೋ ದೊಡ್ಡದು ಮಾಡುವುದನ್ನು ಹೇಳಿಕೊಟ್ಟೆ. ಎರಡು ಬೆರಳಿಂದ ಹಿಗ್ಗಿಸಿ ಮೇಲಿಂದ ಕೆಳಗೆ ನೋಡಿದಳು. ಪುಟದ ಬಲ ತುದಿ ನೋಡಿದಳು. ಹಿಂದಿನ ದಿನದ ಪುಟದ ಫೋಟೋ ಇದೆಯೇ ಎಂದು ಕೇಳಿದಳು. ಇತ್ತು, ಅದನ್ನೂ ನೋಡಿದಳು. ಅವಳು ಅಳುತ್ತಾಳೆ, ನನ್ನನ್ನು ಅಪ್ಪಿಕೊಳ್ಳುತ್ತಾಳೆ ಎಂದು ನಾನು ಬಾಯಿ ತೆರೆದು ಕಾದೆ.

"ಇದು ಕೂತು ಬರೆದಿದ್ದು ಕಣೇ," ಎಂದಳು.

"ಕೂತು ಬರೀದೆ ನಿಂತು ಬರೀತಾರಾ?"

"ಹಂಗಲ್ಲ. ಒಬ್ಬೊಬ್ಬರು ಬಂದಾಗ ಬರೆದಿದ್ದಲ್ಲ, ಆಮೇಲೆ ಒಂದೇ ಸಲ ಕೂತು ತುಂಬಿಸಿದ್ದು. ನೋಡು, ಎಲ್ರದ್ದೂ ಆರು ಐವತ್ತು, ಆರು ಐವತ್ತೈದು, ಆರು ಐವತ್ತು, ಆರು ಐವತ್ತೈದು. ಮುನ್ನೂರು ಜನದಲ್ಲಿ ಆರು ಐವತ್ತೆರಡಕ್ಕೆ ಒಬ್ನೂ ಬರಲಿಲ್ವಾ? ಶಾಯಿ ನೋಡು, ಮೇಲಿಂದ ಕೆಳಗಿನವರೆಗೂ ಒಂದೇ ಹದ. ಹಿಂದಿನ ದಿನಾನೂ ಹಿಂಗೇ. ಒಬ್ರೂ ತಡ ಇಲ್ಲ. ಅದೇನು ಗಿರಣೀನೋ ಗಡಿಯಾರದ ಅಂಗಡೀನೋ?"

"ನಿಂಗೆ ಹೇಗೆ ಗೊತ್ತು?" ನನ್ನ ದನಿ ಏರಿತು. "ಎಲ್ಲಾದ್ರಲ್ಲೂ ಕೊಂಕು ತೆಗೀಬೇಡ ಅತ್ತೆ. ಅಲ್ಲಿ ಬರೆದಿದೆ!"

ಅತ್ತೆ ಫೋನನ್ನು ಬಟಾಣಿ ತಟ್ಟೆಯ ಪಕ್ಕ ಇಟ್ಟಳು.

"ಹೇಗೆ ಗೊತ್ತು ಅಂದ್ರೆ, ನಾನೂ ಹಂಗೇ ಬರೀತಿದ್ದೆ."

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಡಿಪೋದಲ್ಲಿ ಒಂದು ನಿಯಮವಿತ್ತು. ಬಸ್ಸು ಐದು ನಿಮಿಷದವರೆಗೆ ತಡವಾದರೆ ತಡವಲ್ಲ. ಐದು ದಾಟಿದರೆ ಡ್ರೈವರ್‌ಗೆ ನೋಟಿಸು, ಮೂರು ನೋಟಿಸಿಗೆ ಒಂದು ವಾರ ಮನೆಯಲ್ಲಿ ಕೂರಬೇಕು. ಇವಳು ಹತ್ತು ನಿಮಿಷ ತಡವಾಗಿ ಬಂದವನಿಗೂ ನಾಲ್ಕು ಬರೆದಳು, ಇಪ್ಪತ್ತೈದು ನಿಮಿಷ ತಡವಾಗಿ ಬಂದವನಿಗೂ ನಾಲ್ಕೇ ಬರೆದಳು. ಮೂವತ್ತೊಂದು ವರ್ಷ ಆ ಡಿಪೋದಲ್ಲಿ ಯಾವ ಬಸ್ಸೂ ನಾಲ್ಕು ನಿಮಿಷಕ್ಕಿಂತ ಹೆಚ್ಚು ತಡವಾಗಲಿಲ್ಲ, ಕಾಗದದ ಮೇಲೆ.

"ನೀನು?" ಎಂದೆ. "ಟೈಂ ಅಕ್ಕ? ಸುಳ್ಳು ಟೈಂ ಬರೀತಿದ್ಯಾ?"

"ತಡ ಆಯ್ತು ಅಂತ ಒಬ್ಬನಿಗೆ ಶಿಕ್ಷೆ ಆಗೋದನ್ನ ನನ್ನ ಕೈಯಿಂದ ಬರೆಯೋಕಾಗ್ತಿರ್ಲಿಲ್ಲ. ಆ ಗಿರಣಿ ಗೇಟಲ್ಲಿದ್ದವನಿಗೂ ಹಂಗೇ ಇತ್ತೋ, ಸೋಮಾರಿಯಾಗಿದ್ನೋ, ಬಾಯ್ಲರ್ ಸಿಡಿದ ಮೇಲೆ ಯಾರಾದ್ರೂ ಹೇಳಿ ಬರೆಸಿದ್ರೋ, ನಂಗೇನು ಗೊತ್ತು? ಅಪ್ಪ ಆರು ಐವತ್ತಕ್ಕೆ ಹೋಗಿರಬಹುದು. ಏಳೂಕಾಲಕ್ಕೂ ಹೋಗಿರಬಹುದು. ಈ ಪುಟ ಎರಡಕ್ಕೂ ಹೂಂ ಅನ್ನುತ್ತೆ." ಹೀಗೆ ಹೇಳಿ ಮತ್ತೆ ಬಟಾಣಿ ಸುಲಿಯತೊಡಗಿದಳು. ನನಗೆ ತಡೆಯಲಾಗಲಿಲ್ಲ, ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಅವಳಿಗೆ ನೆಮ್ಮದಿ ಕೊಡಬೇಕೆಂದು ಹೊರಟಿದ್ದೆ. ಕೊಟ್ಟೂ ಆಗಿತ್ತು, ಅವಳೇ ಬೇಡವೆಂದು ಹಿಂದಕ್ಕೆ ತಳ್ಳಿದಳು. ಬೇರೆ ಯಾರೇ ಆಗಿದ್ದರೂ ಆ ಪುಟವನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದರು. ನನ್ನ ಅತ್ತೆಗೆ ಮಾತ್ರ ಆ ಭಾಗ್ಯವಿಲ್ಲ, ಏಕೆಂದರೆ ರಿಜಿಸ್ಟರ್ ಹೇಗೆ ಬರೆಯುತ್ತಾರೆ ಎಂದು ಅವಳಿಗೆ ಗೊತ್ತು.

ಆಪರೇಷನ್‌ಗೆ ಮೂರು ದಿನ ಉಳಿದಿತ್ತು. "ಆಸ್ಪತ್ರೆ" ಎಂಬ ಆ ಒಂದು ಪದ ನನ್ನನ್ನು ಬಿಟ್ಟಿರಲಿಲ್ಲ. ಆ ಕಾಲಕ್ಕೆ ಊರಿಗೆ ಇದ್ದದ್ದು ಒಂದೇ ಆಸ್ಪತ್ರೆ, ನಾನು ದಿನಾ ಕೆಲಸ ಮಾಡುವ ಇದೇ ಆಸ್ಪತ್ರೆ. ಹಳೆಯ ದಾಖಲೆಗಳಿರುವುದು ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ. ಅದನ್ನು ನೋಡಿಕೊಳ್ಳುವವನಿಗೆ ಎಲ್ಲರೂ ಧೂಳಣ್ಣ ಅನ್ನುತ್ತಾರೆ. ನಿವೃತ್ತಿಗೆ ಒಂದು ವರ್ಷ ಉಳಿದಿರುವ, ಸದಾ ಮೂಗಿಗೆ ಕರ್ಚೀಫು ಕಟ್ಟಿಕೊಂಡಿರುವ ಮನುಷ್ಯ. ಹದಿನಾರು ವರ್ಷದಿಂದ ಒಂದೇ ಕಟ್ಟಡದಲ್ಲಿದ್ದರೂ ನಾನು ಅವನ ಕೋಣೆಗೆ ಹೋದದ್ದು ಅದೇ ಮೊದಲು.

"ಸುಟ್ಟ ಗಾಯದ ವಾರ್ಡಾ? ಅದು ಗೆದ್ದಲು ಹಿಡಿದಿಲ್ಲ, ಬನ್ನಿ," ಎಂದು ಧೂಳಣ್ಣ ಮಂಗಳವಾರ ಊಟದ ಹೊತ್ತಿನಲ್ಲಿ ಎರಡು ದಪ್ಪ ಪುಸ್ತಕ ಮೇಜಿನ ಮೇಲೆ ಹಾಕಿದ. ಮೊದಲನೆಯದು ದಾಖಲಾತಿಯದು. ಅದರಲ್ಲಿ ಅಜ್ಜ ಇದ್ದರು. ಹದಿನೇಳನೇ ತಾರೀಖು, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಸೇರಿಸಿದ್ದು. ಜೀವಂತ. ಹತ್ತೊಂಬತ್ತನೇ ತಾರೀಖು, ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ಮರಣ. ಅಂದರೆ ನಗರಸಭೆಯ ಹಾಳೆ ಸರಿ, ನಮ್ಮ ಅಜ್ಜಿ ತಪ್ಪು. ಅಲ್ಲೇ, ಆ ಕ್ಷಣವೇ ಹೋದರು ಎಂದು ಜೀವನವಿಡೀ ಹೇಳಿದವಳು ಆ ಎರಡು ದಿನ ಅದೇ ಮಂಚದ ಪಕ್ಕ ಕೂತಿದ್ದಳೋ ಏನೋ.

ಅದರೊಳಗೆ ಒಂದು ಹಾಳೆ ಮಡಚಿಟ್ಟಿತ್ತು. ಗಾಯಾಳುವಿನ ಹೇಳಿಕೆ. "ನನಗೆ ಬಾಯ್ಲರ್ ಕೋಣೆಯಲ್ಲಿ ಕೆಲಸವಿರಲಿಲ್ಲ. ಸ್ವಂತ ಇಚ್ಛೆಯಿಂದ ಹೋಗಿದ್ದೆ. ಯಾರೂ ಕಳಿಸಿರಲಿಲ್ಲ." ಕೆಳಗೆ ಹೆಬ್ಬೆಟ್ಟಿನ ಗುರುತು, ಗೆರೆಗೆರೆಯೂ ಸ್ಪಷ್ಟ. ಹೇಳಿಕೆ ಬರೆದುಕೊಂಡವರು ಗಿರಣಿಯ ಅಧಿಕಾರಿ. ಹಾಗಾದರೆ ಶಿಕ್ಷೆಯ ಮಾತೇ ಇಲ್ಲ, ತಡವಾದ ಮಾತೇ ಇಲ್ಲ ಎಂದು ನನ್ನ ಎದೆ ಹಗುರಾಗುತ್ತಿದ್ದಾಗಲೇ ದಾಖಲಾತಿಯ ಸಾಲು ಮತ್ತೆ ಕಣ್ಣಿಗೆ ಬಿತ್ತು: "ಮುಖ, ಎದೆ, ಎರಡೂ ಅಂಗೈ ಪೂರ್ತಿ ಸುಟ್ಟಿವೆ." ಪೂರ್ತಿ ಸುಟ್ಟ ಕೈಯಿಂದ ಇಷ್ಟು ಚೆಂದದ ಹೆಬ್ಬೆಟ್ಟು ಹೇಗೆ ಬಂತು? ಸಾಲದ್ದಕ್ಕೆ ನಮ್ಮಜ್ಜ ಓದುಬರಹ ಬಲ್ಲವರು.

"ಇದು ಯಾರ ಹೆಬ್ಬೆಟ್ಟು ಧೂಳಣ್ಣ?"

ಅವನು ಬಗ್ಗಿ ನೋಡಿ, "ಕೈ ಸರಿ ಇದ್ದವರ್ದು," ಎಂದ.

ನಾನು ತಲೆ ಹಿಡಿದುಕೊಂಡು ಕೂತೆ. ಗೇಟಿನ ಪುಸ್ತಕ ಹೇಳುವುದು ಒಂದು, ಅಜ್ಜಿ ಹೇಳುವುದು ಒಂದು, ಹೇಳಿಕೆ ಹೇಳುವುದು ಮತ್ತೊಂದು, ಮೂರೂ ತಲೆ ಎತ್ತಿ ಹೇಳುತ್ತಿವೆ. ಆಗ ಧೂಳಣ್ಣ ಎರಡನೆಯ ಪುಸ್ತಕವನ್ನು ನನ್ನ ಕಡೆ ಸರಿಸಿದ. ಅದು ವಾರ್ಡಿನ ನರ್ಸುಗಳು ಪಾಳಿ ಬದಲಾಗುವಾಗ ಬರೆದಿಡುವ ಪುಸ್ತಕ. ಯಾರಿಗೆ ಜ್ವರ ಎಷ್ಟು, ಯಾರು ನೀರು ಕುಡಿದರು, ಯಾರಿಗೆ ಪಟ್ಟಿ ಬದಲಿಸಬೇಕು. ಹದಿನಾಲ್ಕನೇ ಮಂಚ, ಅಜ್ಜನದು. ಓದಿದೆ. ಓದಿ ಪುಸ್ತಕ ಮುಚ್ಚಿದೆ.

ಮನೆಗೆ ಹೋಗಿ ಅಪ್ಪನಿಗೆ ಮಾತ್ರ ಹೇಳಿದೆ. ಆಪರೇಷನ್‌ಗೆ ಮೊದಲು ಅತ್ತೆಗೆ ಹೇಳಲೋ ಬೇಡವೋ ಎಂದು ಕೇಳಬೇಕಿತ್ತು. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು, ಎಣ್ಣೆ ಕೈಯನ್ನು ಬಟ್ಟೆಗೆ ಒರೆಸುತ್ತಲೇ ಇದ್ದ. ಒರೆಸುವುದು ಮುಗಿಯಲೇ ಇಲ್ಲ.

"ನನ್ನ ಬಗ್ಗೆ ಏನೂ ಬರೆದಿಲ್ವಾ?" ಎಂದ.

"ಇಲ್ಲ ಅಪ್ಪ."

"ನಾನು ಚಿಕ್ಕೋನಲ್ವಾ, ಎರಡು ವರ್ಷ. ಅದಕ್ಕೇ ಇರಬೇಕು," ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ, "ಆಪರೇಷನ್ ಆಗೋವರೆಗೂ ಬಾಯಿ ಬಿಡಬೇಡ," ಎಂದ. ಅರವತ್ತನಾಲ್ಕು ವರ್ಷದ ಮನುಷ್ಯ, ಮೀಸೆ ಪೂರ್ತಿ ಬೆಳ್ಳಗಾಗಿದೆ.

ಬಾಯಿ ಬಿಡಬಾರದೆಂದೇ ಇದ್ದೆ. ಆದರೆ ಅತ್ತೆಗೆ ಮುಖ ನೋಡಿದರೆ ಸಾಕು. ಆಪರೇಷನ್‌ನ ಹಿಂದಿನ ದಿನ ಸೇರಿಸಿಕೊಳ್ಳುವುದಕ್ಕೆ ಹನ್ನೊಂದಕ್ಕೆ ಬನ್ನಿ ಎಂದಿದ್ದರು, ಅತ್ತೆ ಎಂಟೂವರೆಗೇ ಬಂದು ಕೂತಿದ್ದಳು. ನಾನು ವೀಲ್‌ಚೇರ್ ತಂದೆ.

"ಏನೋ ಸಿಕ್ಕಿದೆ," ಎಂದಳು.

"ಏನಿಲ್ಲ ಅತ್ತೆ."

"ಎರಡು ದಿನದಿಂದ ನನ್ನ ಕಣ್ಣು ತಪ್ಪಿಸಿ ಓಡಾಡ್ತಿದೀಯ. ಫೋಟೋ ಬೇಡ. ಪುಸ್ತಕಾನೇ ತೋರಿಸು. ಹನ್ನೊಂದಕ್ಕೆ ಇನ್ನೂ ಹೊತ್ತಿದೆ."

ಲಿಫ್ಟಿನಲ್ಲಿ ನೆಲಮಾಳಿಗೆಗೆ ಇಳಿಸಿದೆ. ಪಕ್ಕದ ಕೋಣೆಯಲ್ಲಿ ಬಟ್ಟೆ ಯಂತ್ರಗಳು ತಿರುಗುತ್ತಿದ್ದವು, ಸೋಪಿನ ಬಿಸಿ ವಾಸನೆ ಬರುತ್ತಿತ್ತು. ಧೂಳಣ್ಣ ಮೂಗಿನ ಕರ್ಚೀಫು ಬಿಚ್ಚಿ ಅತ್ತೆಗೆ ಕೈ ಮುಗಿದ. ಪುಸ್ತಕ ತೆರೆದು ಅವಳ ತೊಡೆಯ ಮೇಲೆ ಇಟ್ಟು, ಟೇಬಲ್ ಲ್ಯಾಂಪನ್ನು ತಗ್ಗಿಸಿ, ತಾನು ಹೊರಗೆ ಹೋದ.

ನಾನು ಬೆರಳಿಟ್ಟು ತೋರಿಸಿದೆ. ಅತ್ತೆ ತಾನೇ ಓದಿದಳು, ತುಟಿ ಅಲ್ಲಾಡಿಸುತ್ತಾ.

ಹದಿನೇಳು, ಮಧ್ಯಾಹ್ನ: "ಹದಿನಾಲ್ಕು. ನೋವು ಹೆಚ್ಚು. ಎರಡು ಚಮಚ ನೀರು. ಮಗಳನ್ನು ಕೇಳುತ್ತಿದ್ದಾರೆ."

ಹದಿನೆಂಟು, ಬೆಳಿಗ್ಗೆ: "ಹದಿನಾಲ್ಕು. ಜ್ವರ. ಮತ್ತೆ ಮಗಳನ್ನು ಕರೆತರಲು ಕೇಳಿದರು. ಹೆಂಡತಿಗೆ ತಿಳಿಸಿದೆ."

ಹದಿನೆಂಟು, ಸಂಜೆ: "ಹದಿನಾಲ್ಕು. ಹೆಂಡತಿ ಒಪ್ಪುತ್ತಿಲ್ಲ. ಮುಖ ನೋಡಿ ಮಗು ಹೆದರುತ್ತದೆ ಎನ್ನುತ್ತಾರೆ."

ಹತ್ತೊಂಬತ್ತು, ಬೆಳಿಗ್ಗೆ: "ಹದಿನಾಲ್ಕು. ದನಿ ಕ್ಷೀಣ. ಮಗಳು ಬಂದಳೇ ಎಂದು ಕೇಳಿದರು."

ಅದರ ಕೆಳಗೆ ಮೂರು ಇಪ್ಪತ್ತರದ್ದು.

ಅತ್ತೆ ಓದಿ ಮುಗಿಸಿ ಮತ್ತೆ ಮೊದಲಿಂದ ಓದಿದಳು. ಆಮೇಲೆ ತನ್ನ ಕೆಲಸ ಶುರು ಮಾಡಿದಳು. ಪುಟವನ್ನು ದೀಪಕ್ಕೆ ಓರೆಯಾಗಿ ಹಿಡಿದಳು. ಅಕ್ಷರ ನೋಡಿದಳು. ಹಿಂದಿನ ಪುಟ, ಮುಂದಿನ ಪುಟ ತಿರುವಿದಳು. ಇದನ್ನೂ ಸುಳ್ಳು ಅನ್ನುತ್ತಾಳೆ ಎಂದು ನಾನು ಹೆದರಿದೆ. ಸುಳ್ಳು ಅಂದರೂ ಒಳ್ಳೆಯದೇ ಏನೋ ಎಂದೂ ಅನಿಸಿತು. ಯಾವುದು ಒಳ್ಳೆಯದು ಎಂದೇ ನನಗೆ ಆಗ ತಿಳಿಯುತ್ತಿರಲಿಲ್ಲ.

"ಮೂರು ಬೇರೆ ಬೇರೆ ಕೈ," ಎಂದಳು. "ಒಬ್ಳು ನೀಲಿ ಶಾಯಿ, ಒಬ್ಳು ಕಪ್ಪು. ಇಲ್ಲಿ ಅರ್ಧ ಬರೆದು ಎದ್ದು ಹೋಗಿ ಬಂದಿದಾಳೆ, ನೋಡು, ಗೆರೆ ಬಿಟ್ಟುಹೋಗಿದೆ. ಸುಳ್ಳು ಬರೀಬೇಕು ಅಂದ್ರೆ ಅದಕ್ಕೊಂದು ಕಾರಣ ಬೇಕು ಕಣೇ. ಯಾರನ್ನಾದ್ರೂ ಉಳಿಸೋಕೆ, ಇಲ್ಲಾ ತಾನು ಉಳ್ಕೊಳೋಕೆ. ಇದನ್ನ ಬರೆದು ಯಾರಿಗೆ ಏನು ಆಗ್ಬೇಕಿತ್ತು?" ಬೆರಳನ್ನು ಆ ಸಾಲುಗಳ ಮೇಲೆಯೇ ಇಟ್ಟಿದ್ದಳು. "ಇದು ನಿಜ."

"ತಡವಾಗಿ ಹೋದ್ರಾ ಇಲ್ವಾ ಅನ್ನೋದು ಮಾತ್ರ ಗೊತ್ತಾಗ್ಲಿಲ್ಲ ಅತ್ತೆ," ಎಂದೆ. ಅಪರಾಧಿಯ ಹಾಗೆ ನನ್ನ ದನಿ ಕುಗ್ಗಿತ್ತು. "ಎಷ್ಟು ಹುಡುಕಿದ್ರೂ ಅದೊಂದು..."

"ಅದನ್ನ ಬಿಡೇ."

ಅರವತ್ತೆರಡು ವರ್ಷ ಹೊತ್ತು ತಿರುಗಿದ ಮಾತನ್ನು ಹಾಗೆ ಎರಡೇ ಪದದಲ್ಲಿ ಕೆಳಗಿಟ್ಟಳು.

"ಆ ಎರಡು ದಿನ ನನ್ನನ್ನ ಪಕ್ಕದ ಮನೇಲಿ ಬಿಟ್ಟಿದ್ರು," ಎಂದಳು. "ಅವರ ಮನೇಲಿ ಉಯ್ಯಾಲೆ ಇತ್ತು. ನಾನು ಆಡ್ಕೊಂಡಿದ್ದೆ. ಅಪ್ಪ ಆಗ್ಲೇ ಹೋಗಿಬಿಟ್ಟಿದ್ರು, ಅದಕ್ಕೇ ಅಲ್ಲಿಟ್ಟಿದ್ರು ಅಂತ ಆಮೇಲೆ ಅಂದ್ಕೊಂಡಿದ್ದೆ. ಅಲ್ಲಿಂದ ಈ ಆಸ್ಪತ್ರೆಗೆ ಎಷ್ಟು ದೂರ ಹೇಳು? ಹದಿನೈದು ನಿಮಿಷದ ದಾರಿ."

"ಅಜ್ಜಿ ನಿನ್ನ ಒಳ್ಳೇದಕ್ಕೇ ಬೇಡ ಅಂದಿರ್ತಾಳೆ ಅತ್ತೆ. ಚಿಕ್ಕ ಮಗು ಅಂತ."

"ಇರಬಹುದು. ಅಮ್ಮನಿಗೂ ಆಮೇಲೆ ಅನ್ನಿಸಿರಬೇಕು, ಕರ್ಕೊಂಡು ಹೋಗಬೇಕಿತ್ತು ಅಂತ. ಅದಕ್ಕೇ ಆ ಎರಡು ದಿನಾನೇ ತೆಗೆದುಬಿಟ್ಲೋ ಏನೋ. ಅಪ್ಪ ಯಾಕೆ ಕೇಳಿದ್ರೋ. ಬೈಯೋಕೋ, ನಿಂದೇನೂ ತಪ್ಪಿಲ್ಲ ಅನ್ನೋಕೋ. ಸುಮ್ನೆ ನೋಡೋಕೇ ಇರಬಹುದು." ಕನ್ನಡಕ ತೆಗೆದಳು. ಕಣ್ಣಿನಿಂದ ನೀರು ಸುರಿದು ಗಲ್ಲದವರೆಗೂ ಬಂದಿತ್ತು, ಅವಳು ಒರೆಸಿಕೊಳ್ಳಲಿಲ್ಲ. ಅಜ್ಜಿ ಆ ಕಥೆ ಹೇಳುವಾಗ ಇವಳು ಎಂದೂ ಅತ್ತವಳಲ್ಲ, ತಪ್ಪು ಮಾಡಿದವರು ಅಳಬಾರದು ಎಂದುಕೊಂಡಿದ್ದಳೋ ಏನೋ.

ಮೇಲಿನಿಂದ ನರ್ಸ್ ಫೋನ್ ಮಾಡಿ, ಮಂಚ ಸಿದ್ಧವಾಗಿದೆ, ಕರೆತನ್ನಿ ಎಂದಳು. ನಾನು ಕುರ್ಚಿಯ ಹಿಂದೆ ಹೋಗಿ ನಿಂತೆ. ಅತ್ತೆ ಪುಸ್ತಕ ಬಿಡಲಿಲ್ಲ. ಹದಿನೆಂಟನೇ ತಾರೀಖಿನ ಸಂಜೆಯ ಸಾಲಿನ ಮೇಲೆ ಅಂಗೈ ಇಟ್ಟು ಕೂತಿದ್ದಳು.

"ನಾನು ಹೆದರ್ತಿರ್ಲಿಲ್ಲ," ಎಂದಳು.